ಮೈನಸ್ ಹದಿನೆಂಟು

ಪೆಯ್ಪ್ಸಿ ಸರೋವರದ ದಂಡೆಗೆ ಒಂದು ಕೋಣೆ,
ಈರುಳ್ಳಿ ಜಡೆ ನೇತುಬಿಟ್ಟ ಬೀದಿ ಮುಗಿಯುವಲ್ಲಿ.
ಮಂಜುಗಡ್ಡೆ ಬಿರಿಯುವ ಸದ್ದನ್ನು
ಮೂವತ್ತೊಂದು ಚಳಿಗಾಲ ಕೇಳಿ ಕೇಳಿ
ಕೂಡಿಟ್ಟ ಕೋಣೆ.
ಡಿಸ್ಕಿನಲ್ಲಿ ಈಗ ಸಾಸಿವೆ ಕಾಳಿಗೂ ಜಾಗವಿಲ್ಲ.
ತಾರ್ತುವಿನಿಂದ ಪತ್ರ ಬಂತು:
ನಕಲು ನಮ್ಮಲ್ಲಿದೆ, ಹೆಲ್ವೆ,
ತೊಂಬತ್ತಾರನ್ನು ಅಳಿಸಿಬಿಡಿ.

ಅಳಿಸಿಬಿಡಿ. ಅವರಿಗೇನು.
ಆರ್ ಎಮ್, ಎರಡೇ ಅಕ್ಷರ.
ಈ ಕಪ್ಪು ಪರದೆಗೆ ಕಸದ ಬುಟ್ಟಿ ಗೊತ್ತಿಲ್ಲ,
ಬೆಳಿಗ್ಗೆ ಎದ್ದು ಬುಟ್ಟಿ ಕೆದಕಿ
ಅಯ್ಯೋ ಇಲ್ಲೇ ಇತ್ತು ಅನ್ನುವ ಹಾಗಿಲ್ಲ.
ಮಾತು ಆಡಿದರೆ ಹೋಯಿತು,
ಮುತ್ತು ಒಡೆದರೆ ಹೋಯಿತು,
ಎಂಟರ್ ಒತ್ತಿದರೆ
ಹೋಯಿತು ಎಂದೂ ಅದು ಹೇಳುವುದಿಲ್ಲ.

ಎಂಡೆಲ್ ಕಲಿಸಿದ್ದು ನನಗೆ ಈ ಕೆಲಸ.
ಮೊದಲು ಕೇಳು, ಎಲ್ಲಿ ನಿಂತಿದ್ದೇನೆ?
ಕುಡಿದವನು ಮನೆ ಬಾಗಿಲು ತಟ್ಟುವ ಮುಂಚೆ
ಬೀದಿಯ ಹೆಸರು ಓದುತ್ತಾನಲ್ಲ, ಹಾಗೆ.
ಆಮೇಲೆ ಅಳಿಸು ಎನ್ನುವ ಕಡೆ ತೋರಿಸು ಎಂದು ಬರೆ,
ಮಿಕ್ಕ ಸಾಲು ಹಾಗೇ ಇರಲಿ.
ತೋರಿಸಿದ್ದನ್ನು ಓದು. ಬೆರಳಿಟ್ಟು ಓದು.
ನಕ್ಷತ್ರಚಿಹ್ನೆಗೆ ಹೊಟ್ಟೆ ದೊಡ್ಡದು,
ಹೆಸರಿಗೆ ಅಂಟಿಸಿ ಬರೆದರೆ ಬೇಕಾದಷ್ಟು ತಿನ್ನುತ್ತದೆ,
ನಡುವೆ ಒಂದು ಜಾಗ ಬಿಟ್ಟೆಯೋ,
ತಟ್ಟೆಯನ್ನೂ ನುಂಗುತ್ತದೆ.
ಅವನೇ ಬಿಟ್ಟಿದ್ದ ಒಮ್ಮೆ, ಹೆಬ್ಬೆರಳಷ್ಟು ಜಾಗ.
ತೊಂಬತ್ತೇಳರ ಚಳಿಗಾಲ ನಮ್ಮಲ್ಲಿಲ್ಲ.

ಈವತ್ತು ಎಲ್ಲ ಸರಿಯಾಗೇ ಮಾಡಿದೆ.
ನೋಡಿದೆ. ಎಣಿಸಿದೆ. ನೂರ ಐವತ್ತೆರಡು.
ಅಳಿಸು ಎಂದೆ.
ಅದು ಗದರಿತು:
ಮೈನಸ್ ಒಂದು? ಇಂಥ ಆಜ್ಞೆ ನನಗೆ ತಿಳಿಯದು.

ಎಂಡೆಲ್ ಕಡತಗಳಿಗೆ ಹೆಸರಿಡುತ್ತಿದ್ದದ್ದು ಹಾಗೆ,
ಮೊದಲು ಚಳಿ, ಆಮೇಲೆ ತಾರೀಖು.
ಪ್ಲಸ್ ಎರಡು. ಮೈನಸ್ ಐದು. ಮೈನಸ್ ಹದಿನೆಂಟು.
ಅಡ್ಡಗೆರೆ ಮುಂದಿಟ್ಟುಕೊಂಡು ಬಂದದ್ದನ್ನು
ಯಂತ್ರ ಹೆಸರೆಂದು ನಂಬುವುದಿಲ್ಲ,
ಅಪ್ಪಣೆ ಎಂದುಕೊಂಡು ಮುಗ್ಗರಿಸುತ್ತದೆ.
ಬೇಕೆಂದೇ ಹಾಗಿಟ್ಟೆಯಾ, ಈರುಳ್ಳಿ ಹೊಲದ
ಬೆದರುಬೊಂಬೆಯ ಹಾಗೆ, ಎಂದು ಫೋನಿನಲ್ಲಿ ಕೇಳಿದೆ.
ಮೀನಿನ ಮುಳ್ಳು ಬಿಡಿಸುತ್ತಿದ್ದ ಅಂತ ಕಾಣುತ್ತದೆ,
ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ದಾರಿ ಇದೆ. ಹೆಸರಿನ ಮುಂದೆ
ಒಂದು ಚುಕ್ಕೆ, ಒಂದು ಓರೆಗೆರೆ:
ಇಲ್ಲೇ, ಈ ಕೋಣೆಯೊಳಗೇ ಇರುವುದು ಎಂದು.
ಬರೆದೆ. ಬೆರಳು ಎಂಟರ್ ಮೇಲೆ.
ಆಗ ಹೊಳೆಯಿತು:
ನನ್ನ ಯಂತ್ರ ಎಡವಿದ ಕಲ್ಲಿಗೆ
ಅವರ ಯಂತ್ರ ಎಡವಿರಲಾರದೇ?

ನಿಮ್ಮಲ್ಲಿ ಎಷ್ಟಿವೆ, ತಾರ್ತು?
ಅರವತ್ತೈದು.
ಹೆಸರು ಓದಿ.
ಪ್ಲಸ್, ಪ್ಲಸ್, ಪ್ಲಸ್, ಪ್ಲಸ್.
ಆ ವರ್ಷ ಅಲ್ಲಿ ಹೆಪ್ಪುಗಟ್ಟಲೇ ಇಲ್ಲ.
ಎಂಬತ್ತೇಳು ದಿನದ ಮಂಜನ್ನು
ಯಾರೂ ಅಳಿಸದೆ ಕಳೆದಿದ್ದರು.

ಬಾಗಿಲಲ್ಲಿ ಫೆಡೋಸಿ, ಬಲೆ ಹೆಗಲಿಗೆ,
ಜನವರಿಯಲ್ಲೂ ದೋಣಿಯಿಂದಲೇ ಇಳಿದು ಬಂದವನು.
ಮೈನಸ್ ಹದಿನೆಂಟನ್ನು ಹಾಕಿದೆ.
ಆ ದಡದಿಂದ ಒಂದು ಬಿರುಕು ಓಡಿ ಬಂತು,
ಕಬ್ಬಿಣದ ತಂತಿ ಮೀಟಿದ ಹಾಗೆ, ಉದ್ದಕ್ಕೆ,
ನಮ್ಮ ಕಾಲ ಕೆಳಗೆ ಹಾದು ಹೋಯಿತು.
ಅವನು ಒಂದು ಹೆಜ್ಜೆ ಹಿಂದೆ ಸರಿದ.
ಮರದ ನೆಲ ಅದು, ನನಗೂ ಗೊತ್ತು, ಅವನಿಗೂ ಗೊತ್ತು.
'ಇದರ ಮೇಲೆ ಲಾರಿ ಓಡಿಸಿದ್ದೇನೆ' ಎಂದ.

ಪ್ಲಸ್ ಎಂದು ಶುರುವಾಗುವವನ್ನು ಮಾತ್ರ ಕರೆದೆ,
ಒಂದೊಂದಕ್ಕೂ ಕೇಳಿ ಅಳಿಸು ಎಂದೆ.
ಅಳಿಸಲೇ? ಹೂಂ.
ಅಳಿಸಲೇ? ಹೂಂ.
ಅರವತ್ತೈದು ಸಲ.
ಚಹಾ ಆರಿತು.

'ಜಾಗ ಆಯಿತೇ?' ಕೇಳಿದ ಫೆಡೋಸಿ.
ಸ್ವಲ್ಪ ಆಯಿತು.
'ಏನು ತುಂಬುತ್ತೀ?'
ಈ ವರ್ಷದ್ದು, ಎಂದೆ.
ಕಿಟಕಿಯ ಹೊರಗೆ ನೀರು
ದಡಕ್ಕೆ ಬಂದು ಬಂದು ಹೋಗುತ್ತಿತ್ತು,
ಯಾವುದನ್ನೂ ಕೇಳದೆ.